ಕಡಲ ಹಕ್ಕಿ ಎದ್ದು ನಿಲ್ಲಲಿಲ್ಲ, ಕಾಲು ಮುರಿದಿತ್ತಾ?

ಪ್ರಶ್ನೆ

ನಮ್ಮದು ಕುಂದಾಪುರದ ಹತ್ತಿರ ಕಡಲಿಗೆ ತಾಗಿದ ಮನೆ. ಕಳೆದ ಜೂನ್‌ನಲ್ಲಿ ಎರಡು ದಿನ ಬಿಡದೆ ಗಾಳಿ ಮಳೆ ಹೊಡೆದ ಮೇಲೆ ತೆಂಗಿನ ತೋಟದಲ್ಲಿ ಒಂದು ಬಿಳಿ ಹಕ್ಕಿ ಬಿದ್ದಿತ್ತು. ಪಾರಿವಾಳದಷ್ಟು ಗಾತ್ರ, ಹಳದಿ ಕೊಕ್ಕು, ಕಣ್ಣಿನ ಹತ್ತಿರ ಕಪ್ಪು ಗೀಟು, ರೆಕ್ಕೆ ಮೇಲೆ ಓರೆಯಾಗಿ ಕಪ್ಪು ಪಟ್ಟೆ. ಬಾಲದಲ್ಲಿ ಮೈಯಷ್ಟೇ ಉದ್ದದ ಎರಡು ಗರಿ, ಅದರಲ್ಲಿ ಒಂದು ಅರ್ಧಕ್ಕೆ ಮುರಿದಿತ್ತು. ಎಷ್ಟು ಸಲ ನಿಲ್ಲಿಸಿದರೂ ಮುಗ್ಗರಿಸಿ ಎದೆಯ ಮೇಲೆ ಬೀಳುತ್ತಿತ್ತು. ಕಾಲು ಮುರಿದಿದೆ ಅಂತ ಅತ್ತೆ ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಮಾವ ದಡದಿಂದ ನೀರಿಗೆ ಬಿಟ್ಟು ನೋಡಿದರು, ಅಲೆ ವಾಪಸ್ ತಂದು ಹಾಕಿತು. ಆಮೇಲೆ ಕೋಳಿ ಗೂಡಿನಲ್ಲಿ ಬೈಹುಲ್ಲು ಹಾಸಿ ಇಟ್ಟೆವು. ಇಂಕ್ ಫಿಲ್ಲರ್‌ನಲ್ಲಿ ಉಪ್ಪುನೀರು ಕುಡಿಸಿದೆವು, ಬಂಗುಡೆ ಚೂರು ಬಾಯಿಗೆ ತುರುಕಿದೆವು. ಮೂರನೇ ದಿನ ಸತ್ತುಹೋಯಿತು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಇದು ಮಾರಿಷಸ್, ಸೆಷೆಲ್ಸ್ ಕಡೆಯ ಟ್ರಾಪಿಕ್‌ಬರ್ಡ್ ಅಂತೆ. ಇಲ್ಲಿಗೆ ಯಾಕೆ ಬಂತು? ಗುಂಪಿನಿಂದ ತಪ್ಪಿಸಿಕೊಂಡಿತ್ತಾ? ಇದು ಕಂಡರೆ ದೊಡ್ಡ ತೂಫಾನು ಬರುತ್ತದೆ ಅಂತ ಕೇರಿಯ ಹಿರಿಯರು ಹೇಳುತ್ತಾರೆ, ನಿಜವಾ? ನಾವು ಏನು ತಪ್ಪು ಮಾಡಿದೆವು? ಬಾಲದ ಗರಿಯನ್ನು ಮಗಳು ಎತ್ತಿಟ್ಟುಕೊಂಡಿದ್ದಾಳೆ, ಪರವಾಗಿಲ್ಲವಾ? ಈ ಮಳೆಗಾಲದಲ್ಲೂ ಸಿಕ್ಕರೆ ಏನು ಮಾಡಲಿ?

ಉತ್ತರ

ನೀವು ಹಕ್ಕಿಯನ್ನು ಎಷ್ಟು ಚೆನ್ನಾಗಿ ನೋಡಿದ್ದೀರಿ ಅಂದರೆ ಫೋಟೋ ಇಲ್ಲದೆಯೂ ಹೇಳಬಹುದು, ಅದು ಬೆಳೆದ ಬಿಳಿಬಾಲದ ಟ್ರಾಪಿಕ್‌ಬರ್ಡ್. ರೆಕ್ಕೆಯ ಮೇಲಿನ ಓರೆ ಕಪ್ಪು ಪಟ್ಟೆಯೇ ಅದರ ಗುರುತು. ಜಗತ್ತಿನಲ್ಲಿ ಟ್ರಾಪಿಕ್‌ಬರ್ಡ್‌ಗಳು ಇರುವುದೇ ಮೂರು ಜಾತಿ. ಇನ್ನೆರಡು ಕೆಂಪುಕೊಕ್ಕಿನದು ಮತ್ತು ಕೆಂಪುಬಾಲದ್ದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಹೊತ್ತಿಗೆ ಬಿಳಿಬಾಲದ್ದು, ಕೆಂಪುಕೊಕ್ಕಿನದು ಎರಡೂ ದಾಖಲಾಗಿವೆ. ಕೆಂಪುಕೊಕ್ಕಿನದು ಇದಕ್ಕಿಂತ ಸಾಕಷ್ಟು ದೊಡ್ಡದು, ಬೆನ್ನ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆಗಳಿರುತ್ತವೆ.

ನಿಮ್ಮ ಪ್ರಶ್ನೆಗಳು ಹಲವಾರು ಇದ್ದರೂ ಒಳಗೆ ಕೊರೆಯುತ್ತಿರುವುದು ಒಂದೇ, ಅಲ್ವಾ? ಹಕ್ಕಿ ನಮ್ಮಿಂದಲೇ ಸತ್ತಿತಾ ಅಂತ. ನೇರವಾಗಿ ಹೇಳುತ್ತೇನೆ. ನಿಮ್ಮ ತೋಟದಲ್ಲಿ ಬೀಳುವ ಹೊತ್ತಿಗೇ ಅದು ಸಾವಿನ ಅಂಚಿನಲ್ಲಿತ್ತು. ನೀವು ಮಾಡಿದ ಕೆಲವು ಉಪಚಾರಗಳಿಂದ ಅದರ ಕಷ್ಟ ಹೆಚ್ಚಾಗಿರಬಹುದು. ಆದರೆ ಕರಾವಳಿಯಲ್ಲಿ ಯಾರ ಮನೆಗೆ ಈ ಹಕ್ಕಿ ಬಂದರೂ ಸುಮಾರಾಗಿ ಇದನ್ನೇ ಮಾಡುತ್ತಾರೆ. ಪಶುವೈದ್ಯನಾಗಿ ನನ್ನ ಟೇಬಲ್ಲಿಗೆ ಬರುವ ಕಡಲ ಹಕ್ಕಿಗಳಲ್ಲಿ ಮೈಗೆ ಅರಿಶಿನ ಮೆತ್ತಿಕೊಂಡು ಬಾರದವು ಕಡಿಮೆ.

ಮೊದಲು ಕಾಲಿನ ವಿಷಯ. ಅದರ ಕಾಲು ಮುರಿದಿರಲಿಲ್ಲ ಅಂತ ನನಗೆ ಬಹುಪಾಲು ಖಾತ್ರಿ. ಟ್ರಾಪಿಕ್‌ಬರ್ಡ್‌ನ ಕಾಲು ತುಂಬಾ ಚಿಕ್ಕದು, ದೇಹದ ಹಿಂಭಾಗಕ್ಕೆ ಸರಿದು ಕೂತಿರುತ್ತದೆ. ನಾಲ್ಕೂ ಬೆರಳುಗಳ ನಡುವೆ ಪೊರೆ. ಮೈಭಾರ ಮುಂದೆ, ಕಾಲು ಹಿಂದೆ. ಹಾಗಾಗಿ ಆರೋಗ್ಯವಾಗಿರುವ ಹಕ್ಕಿ ಕೂಡ ನೆಲದ ಮೇಲೆ ಎದ್ದು ನಿಂತು ನಡೆಯುವುದಿಲ್ಲ. ಗೂಡಿನ ಹತ್ತಿರ ಇಳಿದರೂ ಹೊಟ್ಟೆಯನ್ನು ನೆಲಕ್ಕೆ ಊರಿ, ಕಾಲಲ್ಲಿ ಹಿಂದಿನಿಂದ ತಳ್ಳಿಕೊಂಡು ತೆವಳುತ್ತದೆ. ಬಂಡೆಯ ಸಂದಿಯಲ್ಲೋ ಪೊದೆಯ ಅಡಿಯಲ್ಲೋ ಮೊಟ್ಟೆ ಇಡುವುದಕ್ಕೆ ಅಷ್ಟು ನಡಿಗೆ ಸಾಕು. ಉಳಿದ ಆಯಸ್ಸೆಲ್ಲ ಗಾಳಿಯಲ್ಲಿ, ಇಲ್ಲವೇ ನೀರಿನ ಮೇಲೆ. ನೀವು ನಿಲ್ಲಿಸಿದಾಗಲೆಲ್ಲ ಅದು ಎದೆಯ ಮೇಲೆ ಬಿದ್ದದ್ದು ಅದರ ಸಹಜ ಭಂಗಿಗೆ ಮರಳಿದ್ದು ಅಷ್ಟೆ.

ಕಾಲು ನಿಜವಾಗಿ ಮುರಿದಿದೆಯೋ ಇಲ್ಲವೋ ನೋಡುವುದು ಹೇಗೆ? ಎರಡೂ ಪಾದ ಒಂದೇ ರೀತಿ ಮಡಚಿಕೊಂಡಿವೆಯಾ, ಬೆರಳು ಮೆಲ್ಲಗೆ ಮುಟ್ಟಿದರೆ ಎರಡನ್ನೂ ಎಳೆದುಕೊಳ್ಳುತ್ತದಾ, ಒಂದು ಮಾತ್ರ ಜೋತು ಬಿದ್ದಿದೆಯಾ, ಅಷ್ಟು ನೋಡಿದರೆ ಸಾಕು. ರೆಕ್ಕೆಗೂ ಇದೇ ಪರೀಕ್ಷೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಕೆಳಗೆ ಜಾರಿದ್ದರೆ ಅನುಮಾನ ಪಡಬೇಕು. ಎರಡೂ ಸಮನಾಗಿದ್ದರೆ ಮುರಿತದ ಚಿಂತೆ ಬಿಡಿ. ಎಳೆದು, ಬಿಡಿಸಿ ನೋಡಲು ಹೋಗಬೇಡಿ.

ಬಾಲದ ಗರಿ ಮುರಿದದ್ದೂ ಹಾಗೇ, ಅದರಿಂದ ಪ್ರಾಣ ಹೋಗುವುದಿಲ್ಲ. ಆ ಎರಡು ಉದ್ದ ಗರಿಗಳ ಮುಖ್ಯ ಉಪಯೋಗ ಜೋಡಿ ಕೂಡುವ ಕಾಲದ ಹಾರಾಟದಲ್ಲಿ. ಗೂಡಿನ ಸಂದಿಯಲ್ಲಿ ತಿಕ್ಕಿ ತಿಕ್ಕಿ ಅವು ಮುರಿಯುವುದು ಮಾಮೂಲು. ಕಾಲಕಾಲಕ್ಕೆ ಉದುರಿ ಹೊಸದು ಬೆಳೆಯುತ್ತವೆ. ಮರಿಗಳಿಗೆ, ಎಳೆಯ ಹಕ್ಕಿಗಳಿಗೆ ಈ ಗರಿ ಇರುವುದೇ ಇಲ್ಲ. ಅದಕ್ಕೇ ಎಳೆಯ ಟ್ರಾಪಿಕ್‌ಬರ್ಡ್ ಸಿಕ್ಕರೆ ಬಹಳ ಜನ ಅದನ್ನು ಕಡಲಕ್ಕಿ (ಗಲ್) ಅಥವಾ ರೀವ (ಟರ್ನ್) ಅಂದುಕೊಂಡು ಬಿಡುತ್ತಾರೆ. ಬೆನ್ನ ತುಂಬ ಕಪ್ಪು ಗೆರೆ, ಗಟ್ಟಿ ಕೊಕ್ಕು, ಹಿಂದೆ ಸರಿದ ಕಾಲು ನೋಡಿದರೆ ಗೊತ್ತಾಗುತ್ತದೆ. ಅಂದಹಾಗೆ, ನೋಡಲು ರೀವದ ಹಾಗಿದ್ದರೂ, ಪಾದ ಹೆಜ್ಜಾರ್ಲೆಯದರ ಹಾಗಿದ್ದರೂ ಇದು ಇಬ್ಬರಿಗೂ ಹತ್ತಿರದ ನೆಂಟನಲ್ಲ. ಹಿಂದೆ ಹೆಜ್ಜಾರ್ಲೆಗಳ ಗುಂಪಿಗೇ ಸೇರಿಸಿದ್ದರು. ವಂಶವಾಹಿ ಪರೀಕ್ಷೆ ಬಂದ ಮೇಲೆ ಇದರ ಸಮೀಪದ ಬಂಧುಗಳು ನ್ಯೂ ಕ್ಯಾಲಿಡೋನಿಯಾದ ಕಾಗು ಮತ್ತು ದಕ್ಷಿಣ ಅಮೆರಿಕದ ಸನ್‌ಬಿಟರ್ನ್ ಅಂತ ತಿಳಿಯಿತು. ಎರಡೂ ಕಾಡಿನ ನೆಲದಲ್ಲಿ ಓಡಾಡಿಕೊಂಡಿರುವ ಹಕ್ಕಿಗಳು!

ಇನ್ನು, ಇಲ್ಲಿಗೆ ಯಾಕೆ ಬಂತು?

ಬಿಳಿಬಾಲದ ಟ್ರಾಪಿಕ್‌ಬರ್ಡ್ ಮರಿ ಮಾಡುವ ಜಾಗಗಳಲ್ಲಿ ನಮಗೆ ಹತ್ತಿರದ್ದು ಮಾಲ್ಡೀವ್ಸ್. ಅದರಾಚೆ ಸೆಷೆಲ್ಸ್, ಮಾರಿಷಸ್, ರೀಯೂನಿಯನ್ ದ್ವೀಪಗಳಿವೆ. ಕೆಂಪುಕೊಕ್ಕಿನದು ಒಮಾನ್, ಯೆಮನ್ ಕಡೆಯ ದ್ವೀಪಗಳಲ್ಲಿ, ಪರ್ಷಿಯನ್ ಕೊಲ್ಲಿಯಲ್ಲಿ ಗೂಡು ಕಟ್ಟುತ್ತದೆ. ಒಂದು ಸಲಕ್ಕೆ ಒಂದೇ ಮೊಟ್ಟೆ. ಆರು ವಾರ ಕಾವು. ಮರಿ ಹಾರಲು ಮತ್ತೆ ಹತ್ತು ವಾರ, ಕೆಲವೊಮ್ಮೆ ಹೆಚ್ಚು. ಅದು ಮುಗಿದ ಮೇಲೆ ಇವಕ್ಕೆ ಊರಿಲ್ಲ, ಗುಂಪೂ ಇಲ್ಲ. ಒಂಟಿಯಾಗಿ ಇಡೀ ಸಮುದ್ರ ಸುತ್ತುತ್ತವೆ. ದಡದಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಸುತ್ತ ಒಂದು ಹಕ್ಕಿಯೂ ಇಲ್ಲದ ಕಡೆ ಹಡಗಿನವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಇವೇ. ಆದ್ದರಿಂದ ನಿಮ್ಮ ಹಕ್ಕಿ ಗುಂಪಿನಿಂದ ತಪ್ಪಿಸಿಕೊಂಡದ್ದಲ್ಲ. ಅದು ಇದ್ದದ್ದೇ ಒಂಟಿ.

ಅದರ ಊಟ ನೀರಿನ ಮೇಲ್ಪದರದ ಹಾರುವ ಮೀನು ಮತ್ತು ಬೊಂಡಾಸ್ (ಸ್ಕ್ವಿಡ್). ಹತ್ತಿಪ್ಪತ್ತು ಮೀಟರ್ ಮೇಲಿಂದ ಕೆಳಗೆ ನೋಡಿ, ರೆಕ್ಕೆ ಮಡಚಿ ಧುಮುಕಿ ಹಿಡಿಯುತ್ತದೆ. ಅಂದರೆ ನೀರೊಳಗಿನದು ಕಣ್ಣಿಗೆ ಕಾಣಬೇಕು. ಜೂನ್ ಬಂದರೆ ಅರಬ್ಬಿ ಸಮುದ್ರ ಹೇಗಿರುತ್ತದೆ ಅಂತ ಕಡಲ ಬದಿಯ ನಿಮಗೆ ನಾನು ಹೇಳಬೇಕಾಗಿಲ್ಲ. ನೈಋತ್ಯದ ಗಾಳಿ ದಿನಗಟ್ಟಲೆ ಒಂದೇ ಸಮ ನಮ್ಮ ದಡದ ಕಡೆ ನೂಕುತ್ತದೆ. ಮಳೆ, ನೊರೆ, ಎದ್ದ ಅಲೆ. ಬೇಟೆ ಸಿಗುವುದಿಲ್ಲ, ಗಾಳಿಗೆ ಎದುರಾಗಿ ಹಾರಲು ಮಾತ್ರ ಶಕ್ತಿ ಖರ್ಚಾಗುತ್ತಲೇ ಇರುತ್ತದೆ. ಗಟ್ಟಿ ಇದ್ದವು ಸುತ್ತಿ ಬಳಸಿ ದಾಟಿಕೊಳ್ಳುತ್ತವೆ. ಕಾಯಿಲೆಯಿಂದ ಸೊರಗಿದ್ದು, ಇನ್ನೂ ಬೇಟೆ ಕಲಿಯುತ್ತಿರುವ ಎಳೆಯದು, ಗರಿ ಉದುರಿಸುವ ಹಂತದಲ್ಲಿದ್ದದ್ದು ಸೋತು ದಡಕ್ಕೆ ಬೀಳುತ್ತವೆ. ಬೂಬಿ, ನಾಡ್ಡಿ, ಸೂಟಿ ಟರ್ನ್, ಫ್ರಿಗೇಟ್ ಹಕ್ಕಿ, ಇಂಥ ಆಳ ಸಮುದ್ರದ ಹಕ್ಕಿಗಳೆಲ್ಲವೂ ನಮ್ಮ ಕರಾವಳಿಯಲ್ಲಿ ಸಿಗುವುದು ಇದೇ ತಿಂಗಳುಗಳಲ್ಲಿ, ಇದೇ ಕಾರಣಕ್ಕೆ.

ಈಗ ಹಿರಿಯರ ಮಾತಿಗೆ ಬನ್ನಿ. ಈ ಹಕ್ಕಿಗೂ ತೂಫಾನಿಗೂ ಸಂಬಂಧ ಇದೆ ಅನ್ನುವುದು ಸರಿ. ಹಕ್ಕಿ ಮುಂದೆ ಬರುವ ತೂಫಾನನ್ನು ಹೇಳುತ್ತದೆ ಅನ್ನುವುದು ಸರಿಯಲ್ಲ. ಆಗಲೇ ಎದ್ದಿರುವ ಗಾಳಿಯೇ ಅದನ್ನು ತಂದು ಹಾಕಿರುತ್ತದೆ. ಚಂಡಮಾರುತ ದೂರದಲ್ಲೇ ಇದ್ದು, ಅದರ ಅಂಚಿನ ಗಾಳಿ ಹಕ್ಕಿಯನ್ನು ಮೊದಲು ತಲುಪಿಸಿದರೆ ಹಿರಿಯರಿಗೆ ಹಾಗೆ ಕಂಡಿರಬಹುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಗಿ ದಡ ಮುಟ್ಟಿತು. ಅಂಥ ಹೊತ್ತಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ನೋಡಿ ದೋಣಿ ಎಳೆದುಕೊಳ್ಳಿ, ಹಕ್ಕಿಯನ್ನು ನೋಡಿ ಅಲ್ಲ. ಹಕ್ಕಿಯನ್ನು ಅಪಶಕುನ ಅಂತ ಹೊಡೆದು ಓಡಿಸುವವರೂ ಇದ್ದಾರೆ. ಅದೊಂದನ್ನು ನಿಮ್ಮ ಕೇರಿಯಲ್ಲಿ ತಡೆದರೆ ಉಪಕಾರ.

ಹವಾಮಾನ ಬದಲಾವಣೆಯಿಂದ ಹೀಗಾಗುತ್ತಿದೆಯಾ ಅಂತಲೂ ಜನ ಕೇಳುತ್ತಾರೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದು, ಇಲ್ಲಿ ಚಂಡಮಾರುತಗಳು ಹೆಚ್ಚಾಗಿರುವುದು ನಿಜ. ಆದರೆ ತೋಟಕ್ಕೆ ಬಿದ್ದ ಒಂದು ಹಕ್ಕಿಯನ್ನು ಹಿಡಿದು ಅದಕ್ಕೆ ಗಂಟು ಹಾಕಲಾಗದು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇದೆ, ಸುದ್ದಿ ಬೇಗ ಹರಡುತ್ತದೆ, ಆ ಕಾರಣಕ್ಕೂ ಜಾಸ್ತಿ ಅನ್ನಿಸುತ್ತದೆ.

ಹಕ್ಕಿ ಬಿದ್ದಾಗ ಅದರ ಮೈಯೊಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಬೆಳೆದ ಬಿಳಿಬಾಲದ ಟ್ರಾಪಿಕ್‌ಬರ್ಡ್ ಆರೋಗ್ಯವಾಗಿದ್ದರೆ ಸುಮಾರು 300 ಗ್ರಾಂ ತೂಗುತ್ತದೆ. ಹಸಿವು ಶುರುವಾದಾಗ ಮೊದಲು ಕರಗುವುದು ಕೊಬ್ಬು. ಅದು ಮುಗಿದರೆ ದೇಹ ಎದೆಯ ಮಾಂಸವನ್ನೇ ಸುಡಲು ಹಿಡಿಯುತ್ತದೆ. ಆ ಮಾಂಸವೇ ಹಾರುವ ಎಂಜಿನ್ ಅಲ್ವಾ? ದಡಕ್ಕೆ ಬಿದ್ದ ಹಕ್ಕಿಯ ಎದೆ ಮುಟ್ಟಿದರೆ ನಡುವಿನ ಮೂಳೆ ಚೂರಿಯ ಬೆನ್ನಿನ ಹಾಗೆ ಎದ್ದು ಕೈಗೆ ತಾಗುತ್ತದೆ, ಎರಡೂ ಪಕ್ಕ ಗುಳಿ. ಜೊತೆಗೆ ನೀರಿನ ಅಂಶ ಇಂಗಿರುತ್ತದೆ. ಹಕ್ಕಿಯ ಮೈ ಬಿಸಿ ಸುಮಾರು 40 ಡಿಗ್ರಿ ಇರಬೇಕು, ಅದು ಇಳಿದಿರುತ್ತದೆ. ಬಾಯೊಳಗೆ ಬೆರಳಿಟ್ಟರೆ ತಣ್ಣಗೆ. ಕರುಳು ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿರುತ್ತದೆ. ಇಂಥ ಹಕ್ಕಿಗೆ ಬೇಕಾದದ್ದು ಒಂದು ಕ್ರಮದಲ್ಲಿ: ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಊಟ. ನಾವು ಮಾಡುವುದು ಪೂರ್ತಿ ಉಲ್ಟಾ. ಮೊದಲು ಊಟ ತುರುಕುತ್ತೇವೆ.

ನೀವು ಕೊಟ್ಟ ಬಂಗುಡೆ ಚೂರು ಅದರ ಹೊಟ್ಟೆಯಲ್ಲಿ ಕರಗದೆ ಹಾಗೇ ಉಳಿದಿರುವ ಸಂಭವವೇ ಹೆಚ್ಚು. ತಣ್ಣಗಾದ ಹೊಟ್ಟೆಯಲ್ಲಿ ಮೀನು ಕೊಳೆಯುತ್ತದೆ. ಕರಗಿದರೂ ಕಷ್ಟ. ತುಂಬಾ ದಿನ ಉಪವಾಸ ಇದ್ದ ದೇಹಕ್ಕೆ ಒಮ್ಮೆಲೇ ಗಟ್ಟಿ ಊಟ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಅದಕ್ಕೇ ನಾವು ಆಸ್ಪತ್ರೆಯಲ್ಲೂ ಮೊದಲ ದಿನ ಮೀನು ಮುಟ್ಟಿಸುವುದಿಲ್ಲ.

ಉಪ್ಪುನೀರಿನ ಲೆಕ್ಕ ಕೇಳಲು ಸರಿ ಅನ್ನಿಸುತ್ತದೆ. ಕಡಲ ಹಕ್ಕಿ, ಕಡಲ ನೀರು. ಇವುಗಳ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪು ಹೊರಹಾಕುವ ಗ್ರಂಥಿ ಇರುವುದೂ ನಿಜ. ಕೊಕ್ಕಿನ ತುದಿಯಿಂದ ಹನಿ ಹನಿಯಾಗಿ ಆ ಉಪ್ಪು ಹೊರಗೆ ಬೀಳುತ್ತದೆ. ಆದರೆ ಆ ಗ್ರಂಥಿ ಕೆಲಸ ಮಾಡಲು ಮೈಯಲ್ಲಿ ನೀರು ಬೇಕು, ಶಕ್ತಿ ಬೇಕು. ಎರಡೂ ಇಲ್ಲದ ಹಕ್ಕಿಗೆ ಉಪ್ಪುನೀರು ಕೊಟ್ಟರೆ ಇನ್ನಷ್ಟು ಒಣಗಿಸಿದ ಹಾಗಾಗುತ್ತದೆ. ಅದಕ್ಕಿಂತ ಅಪಾಯ ಆ ಇಂಕ್ ಫಿಲ್ಲರ್. ಹಕ್ಕಿಯ ನಾಲಿಗೆ ಬುಡದಲ್ಲೇ ಶ್ವಾಸನಾಳದ ಬಾಯಿ ಇರುತ್ತದೆ. ಸುಸ್ತಾದ ಹಕ್ಕಿ ಸರಿಯಾಗಿ ನುಂಗುವುದಿಲ್ಲ, ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾವು ಸಣ್ಣ ರಬ್ಬರ್ ನಳಿಗೆಯನ್ನು ಆ ರಂಧ್ರ ದಾಟಿಸಿ ಅನ್ನನಾಳಕ್ಕೆ ಇಳಿಸಿ ಕೊಡುತ್ತೇವೆ. ಅದನ್ನು ಓದಿ ಕಲಿಯಲಾಗದು, ಮನೆಯಲ್ಲಿ ಪ್ರಯತ್ನಿಸಬೇಡಿ.

ತೆಂಗಿನೆಣ್ಣೆಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಇದೇ ದೊಡ್ಡ ತೊಂದರೆ, ಮತ್ತು ಯಾರಿಗೂ ಗೊತ್ತಿಲ್ಲ. ಗರಿಯೊಂದನ್ನು ಭೂತಗನ್ನಡಿಯಲ್ಲಿ ನೋಡಿ. ನಡುವಿನ ಕಡ್ಡಿಯಿಂದ ಎರಡೂ ಬದಿಗೆ ನೂರಾರು ಎಳೆ, ಒಂದೊಂದು ಎಳೆಯಿಂದ ಇನ್ನೂ ಸಣ್ಣ ಎಳೆ, ಅವುಗಳ ತುದಿಯಲ್ಲಿ ಕೊಕ್ಕೆ. ಕೊಕ್ಕೆ ಪಕ್ಕದ ಎಳೆಗೆ ಸಿಕ್ಕಿಕೊಂಡು ಒಂದು ಹೆಣಿಗೆ ಆಗುತ್ತದೆ. ನೀರಿನ ಹನಿ ಆ ಹೆಣಿಗೆಯ ಮೇಲೆ ನಿಂತು ಜಾರಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಒಳಗಿನ ತುಪ್ಪಳದಲ್ಲಿ ಗಾಳಿ ಉಳಿದು ಮೈ ಬೆಚ್ಚಗಿರುತ್ತದೆ, ಹಕ್ಕಿ ತೇಲುತ್ತದೆ. ಒಂದು ಬೆರಳು ಎಣ್ಣೆ ತಾಗಿದರೆ ಆ ಜಾಗದ ಎಳೆಗಳು ಅಂಟಿ ಗೊಂಚಲಾಗುತ್ತವೆ, ಹೆಣಿಗೆ ಬಿಡುತ್ತದೆ. ಅಲ್ಲಿಂದ ನೀರು ಚರ್ಮಕ್ಕೆ ಇಳಿಯುತ್ತದೆ. ರೂಪಾಯಿ ಅಗಲದ ಜಾಗ ಸಾಕು. ಹಕ್ಕಿ ಸುಮ್ನೆ ಇರುವುದಿಲ್ಲ, ಕೊಕ್ಕಿನಿಂದ ತೀಡಿ ತೀಡಿ ಎಣ್ಣೆಯನ್ನು ಮೈಯೆಲ್ಲ ಹರಡುತ್ತದೆ. ಕಾಲಿಗೆ ಹಚ್ಚಿದ ಅರಿಶಿನದೆಣ್ಣೆ ಹೊಟ್ಟೆಯ ಗರಿಗೆ ಬಂದೇ ಬರುತ್ತದೆ, ಯಾಕೆಂದರೆ ಈ ಹಕ್ಕಿ ಕೂರುವುದೇ ಕಾಲ ಮೇಲೆ ಹೊಟ್ಟೆ ಊರಿ. ಅತ್ತೆಯವರಿಗೆ ಹೇಳಿ, ದನದ ಗಾಯಕ್ಕೆ ಅವರ ಮದ್ದು ಒಳ್ಳೆಯದೇ. ಕಡಲ ಹಕ್ಕಿಗೆ ಮಾತ್ರ ಬೇಡ. ತಲೆಗೆ ಎಣ್ಣೆ ಹಾಕಿಕೊಂಡ ಕೈಯಲ್ಲಿ ಮುಟ್ಟುವುದೂ ಬೇಡ. ಆಗಲೇ ಎಣ್ಣೆ ತಾಗಿದ್ದರೆ ಸೋಪು ಹಾಕಿ ತೊಳೆಯಲು ಹೋಗಬೇಡಿ. ತೊಳೆಯುವುದಕ್ಕೂ ಹಕ್ಕಿಗೆ ಮೊದಲು ತ್ರಾಣ ಬರಬೇಕು, ಇಲ್ಲದಿದ್ದರೆ ಚಳಿಗೇ ಸಾಯುತ್ತದೆ.

ಮಾವನವರು ನೀರಿಗೆ ಬಿಟ್ಟದ್ದು ಎಲ್ಲರೂ ಮಾಡುವ ಕೆಲಸ. ದಡದಲ್ಲಿ ಬಿದ್ದ ಹಕ್ಕಿ ಅಲ್ಲಿಗೆ ಬಂದದ್ದೇ ಸಮುದ್ರದಲ್ಲಿ ಇರಲಾರದೆ. ಜೂನ್‌ನ ಒಡೆಯುವ ಅಲೆಗೆ ಅದನ್ನು ಬಿಟ್ಟರೆ ನೆನೆದು, ಮರಳು ಮೆತ್ತಿಕೊಂಡು ವಾಪಸ್ ಬರುತ್ತದೆ. ಬಾರದಿದ್ದರೆ ಹಾರಿಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಹಾಗಾಗಿರುವುದಿಲ್ಲ.

ಕೋಳಿ ಗೂಡಿನಲ್ಲಿ ಎರಡು ತೊಡಕು. ಮಳೆಗಾಲದ ಬೈಹುಲ್ಲಿನಲ್ಲಿ ಬೂಷ್ಟು ಇದ್ದೇ ಇರುತ್ತದೆ. ತೆರೆದ ಸಮುದ್ರದ ಶುದ್ಧ ಗಾಳಿಯಲ್ಲಿ ಬೆಳೆದ ಹಕ್ಕಿಗಳ ಶ್ವಾಸಕೋಶಕ್ಕೆ ಆ ಬೂಷ್ಟು ತುಂಬಾ ಬೇಗ ಹಿಡಿಯುತ್ತದೆ, ಹಿಡಿದರೆ ಔಷಧಿಗೆ ಬಗ್ಗುವುದು ಕಷ್ಟ. ಹಕ್ಕಿಜ್ವರದ ಭಯ ಇನ್ನೊಂದು. ಕಾಡು ಹಕ್ಕಿಯಿಂದ ನಿಮ್ಮ ಕೋಳಿಗಳಿಗೆ, ಕೋಳಿಗಳ ಕೊಕ್ಕರೆ ರೋಗ (ರಾಣಿಖೇತ್) ಹಕ್ಕಿಗೆ, ಎರಡೂ ದಾರಿಯಲ್ಲಿ ರೋಗ ಹೋಗಬಹುದು. ನಿಮ್ಮ ಕೋಳಿಗಳು ಚೆನ್ನಾಗಿವೆ ಅಂತ ಭಾವಿಸುತ್ತೇನೆ.

ಈ ಮಳೆಗಾಲದಲ್ಲಿ ಸಿಕ್ಕರೆ ಹೀಗೆ ಮಾಡಿ. ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ, ಮುಖಕ್ಕೆ ಮಾಸ್ಕ್. ಮಕ್ಕಳನ್ನು, ನಾಯಿಯನ್ನು ದೂರ ಇಡಿ. ಒಗೆದು ಒಣಗಿಸಿದ ಬೈರಾಸನ್ನು ಮೇಲಿನಿಂದ ಹೊದಿಸಿ, ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ. ಕೊಕ್ಕಿನ ಮೇಲೆ ಗಮನ ಇರಲಿ. ಅದರ ಅಂಚು ಗರಗಸದ ಹಲ್ಲಿನಂತೆ ಕೊರೆಕೊರೆಯಾಗಿದೆ, ಕಚ್ಚಿದರೆ ಬಿಡುವುದಿಲ್ಲ. ಮೀನಿಗೆ ಗುರಿಯಿಟ್ಟು ಧುಮುಕುವ ಹಕ್ಕಿ ಹೊಳೆಯುವುದನ್ನು ಕಂಡರೆ ಕುಕ್ಕುತ್ತದೆ, ನಿಮ್ಮ ಕಣ್ಣೂ ಹೊಳೆಯುತ್ತದೆ. ಮುಖದ ಹತ್ತಿರ ಹಿಡಿಯಬೇಡಿ. ಹಾಗಂತ ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ. ಟ್ರಾಪಿಕ್‌ಬರ್ಡ್‌ಗೆ ಮೂಗಿನ ಸೀಳು ಇದೆ, ಆದರೆ ಇದೇ ಕಾಲದಲ್ಲಿ ಸಿಗುವ ಬೂಬಿಗೆ ಹೊರಗೆ ಮೂಗಿನ ಹೊಳ್ಳೆಯೇ ಇಲ್ಲ, ಬಾಯಿಯ ಮೂಲೆಯಿಂದ ಉಸಿರಾಡುತ್ತದೆ. ಕೊಕ್ಕು ಬಿಗಿದರೆ ಉಸಿರು ಕಟ್ಟಿ ಸಾಯುತ್ತದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗದ ಗಡಿಬಿಡಿಯಲ್ಲಿ ಯಾವ ಹಕ್ಕಿಯ ಕೊಕ್ಕನ್ನೂ ಕಟ್ಟದಿರುವುದೇ ಕ್ಷೇಮ.

ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ, ಪಕ್ಕಗಳಲ್ಲಿ ಗಾಳಿಗೆ ತೂತು ಮಾಡಿ. ಒಳಗೆ ಹಳೆ ಬಟ್ಟೆಯನ್ನು ಸಿಂಬೆ ಸುತ್ತಿಡಿ, ಕೊಡ ಹೊರಲು ಸುತ್ತುತ್ತೀರಲ್ಲ ಹಾಗೆ, ಸ್ವಲ್ಪ ಅಗಲಕ್ಕೆ. ಹಕ್ಕಿಯನ್ನು ಅದರ ಮೇಲೆ ಎದೆ ಊರಿ ಕೂರಿಸಿ. ಗಟ್ಟಿ ನೆಲದ ಮೇಲೆ ಹೆಚ್ಚು ಹೊತ್ತು ಕೂತರೆ ಎದೆಮೂಳೆಯ ಮೇಲಿನ ಚರ್ಮ ಒಡೆದು ಹುಣ್ಣಾಗುತ್ತದೆ. ಕಡಲ ಹಕ್ಕಿಗಳಿಗೆ ಆ ಹುಣ್ಣು ಬಂದರೆ ಮತ್ತೆ ನೀರಿಗೆ ಇಳಿಸುವುದು ತುಂಬಾ ಕಷ್ಟ. ಬಾಲದ ಗರಿ ಮಡಚದಷ್ಟು ಉದ್ದದ ಪೆಟ್ಟಿಗೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಬಿಸಿ ಜಾಸ್ತಿ ಅನ್ನಿಸಿದರೆ ಹಕ್ಕಿ ಇನ್ನೊಂದು ಬದಿಗೆ ತೆವಳಿಕೊಳ್ಳುತ್ತದೆ. ಮುಚ್ಚಳ ಹಾಕಿ, ಕತ್ತಲೆ ಕೋಣೆಯಲ್ಲಿಡಿ. ಆಮೇಲೆ ತೆರೆದು ನೋಡಬೇಡಿ. ನೆರೆಯವರಿಗೆ ತೋರಿಸಬೇಡಿ, ಸೆಲ್ಫಿ ಬೇಡ. ಗದ್ದಲಕ್ಕೆ ಅದು ಓಡಲಾರದು, ಹೆದರಿ ಎದೆ ಬಡಿದುಕೊಂಡೇ ಉಳಿದ ಶಕ್ತಿ ಖರ್ಚು ಮಾಡುತ್ತದೆ. ನೀರು, ಅನ್ನ, ಹಾಲು, ಬ್ರೆಡ್, ಮೀನು ಏನೂ ಬೇಡ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಸಹಾಯವಾಣಿ ಸಂಖ್ಯೆ 1926. ಹತ್ತಿರದ ವಲಯ ಅರಣ್ಯ ಕಚೇರಿಯ ನಂಬರ್ ಇದ್ದರೆ ಇನ್ನೂ ಬೇಗ ಆಗುತ್ತದೆ, ಮಳೆಗಾಲಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ. ತಲೆ ತಿರುಚುವುದು, ಮೈ ನಡುಗುವುದು ಕಂಡರೆ, ಅಥವಾ ಒಂದೇ ದಡದಲ್ಲಿ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಲೇಬೇಡಿ, ಪಶುಪಾಲನಾ ಇಲಾಖೆಗೂ ತಿಳಿಸಿ.

ಹಕ್ಕಿ ನಮ್ಮ ಕೈಗೆ ಬಂದ ಮೇಲೆ ನಮ್ಮ ಮುಂದಿರುವ ದಾರಿಗಳೂ ಸುಲಭದವಲ್ಲ. ಚೇತರಿಸಿಕೊಂಡರೆ ನಳಿಗೆಯಲ್ಲಿ ಓಆರ್‌ಎಸ್‌ನಂಥ ದ್ರಾವಣ, ನಂತರ ಅರೆದ ಮೀನಿನ ಗಂಜಿ, ನಂತರ ಇಡಿಯಾದ ಸಣ್ಣ ಬೂತಾಯಿ ಅಥವಾ ಬೊಂಡಾಸ್. ತಟ್ಟೆಯಲ್ಲಿಟ್ಟರೆ ತಿನ್ನುವುದಿಲ್ಲ. ಮೇಲಿಂದ ಧುಮುಕಿ ಹಿಡಿದು ಗೊತ್ತೇ ಹೊರತು ತಟ್ಟೆಯ ಮೀನು ಅದಕ್ಕೆ ಮೀನೇ ಅಲ್ಲ. ಪ್ರತಿ ಹೊತ್ತೂ ಕೈಯಲ್ಲೇ ಕೊಡಬೇಕು. ಐಸಿನಲ್ಲಿಟ್ಟ ಮೀನಿನಲ್ಲಿ ಬಿ1 ವಿಟಮಿನ್ ಹಾಳಾಗಿರುತ್ತದೆ, ಅದನ್ನು ಸೇರಿಸಬೇಕು. ಉದ್ದ ಗರಿ ಉಳಿದಿದ್ದರೆ ಹಳೆ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಬಾಲಕ್ಕೆ ಕವಚ ಮಾಡುತ್ತೇವೆ. ದಿನ ಉರುಳಿದಷ್ಟೂ ಎದೆ ಹುಣ್ಣು, ಬೂಷ್ಟಿನ ರೋಗ ಎರಡರ ಅಪಾಯವೂ ಏರುತ್ತದೆ. ಹಾಗಾಗಿ ಆದಷ್ಟು ಬೇಗ ಬಿಡಬೇಕು, ಆದರೆ ಅವಸರ ಮಾಡಬಾರದು. ಬಿಡುವ ಮೊದಲು ನೀರಿನ ತೊಟ್ಟಿಗೆ ಇಳಿಸಿ ನೋಡುತ್ತೇವೆ. ಒಂದಷ್ಟು ಹೊತ್ತು ತೇಲಿದ ಮೇಲೂ ಹೊಟ್ಟೆಯ ಗರಿ ಒಳಗೆ ಒಣಗಿದ್ದರೆ ಸರಿ. ನೆನೆದಿದ್ದರೆ ಇನ್ನೂ ಕಾಯಬೇಕು.

ಎಲ್ಲಿ ಬಿಡುವುದು ಅನ್ನುವುದು ನಮ್ಮ ಕರಾವಳಿಯದೇ ಆದ ತಲೆನೋವು. ಒಳ್ಳೆಯ ದಾರಿ ಅಂದರೆ ದೋಣಿಯಲ್ಲಿ ಆಳ ಸಮುದ್ರಕ್ಕೆ ಒಯ್ದು, ಅಲೆ ಒಡೆಯುವ ಜಾಗ ದಾಟಿ, ಬೆಳಿಗ್ಗೆ ಬಿಡುವುದು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಹಕ್ಕಿಗಳು ಬೀಳುವುದೂ ಅದೇ 61 ದಿನಗಳಲ್ಲಿ. ನಾಡದೋಣಿಯವರು ಹೊರಟರೂ ಅಳಿವೆ ದಾಟುವಾಗ ಅವರ ಜೀವಕ್ಕೇ ಅಪಾಯ. ಹಕ್ಕಿಗೋಸ್ಕರ ಯಾರನ್ನೂ ಅದಕ್ಕೆ ಕಳಿಸುವುದು ಸರಿಯಲ್ಲ. ಇನ್ನೊಂದು ದಾರಿ, ಬೈಂದೂರಿನ ಒತ್ತಿನೆಣೆಯಂಥ ಕಡಲಿಗೆ ಮುಖಮಾಡಿದ ಎತ್ತರದ ಜಾಗ. ಎದುರು ಗಾಳಿಗೆ ಅಂಗೈ ಮೇಲೆ ಇಟ್ಟರೆ ಗಟ್ಟಿ ಹಕ್ಕಿ ತಾನೇ ಎದ್ದು ಹೋಗುತ್ತದೆ. ಮೇಲಕ್ಕೆ ಎಸೆಯಬಾರದು. ಇಲ್ಲಿಯೂ ಒಂದು ಆತಂಕ ಇದೆ. ಗಾಳಿ ಜೋರಾದರೆ ಅದೇ ಗಾಳಿ ಮತ್ತೆ ಒಳನಾಡಿಗೆ ನೂಕುತ್ತದೆ. ಮಳೆ ಬಿಟ್ಟು ಎರಡು ಮೂರು ದಿನ ಹೊಳವು ಸಿಗುವ ಮುನ್ಸೂಚನೆ ಇದ್ದರೆ ಮಾತ್ರ ಈ ದಾರಿ. ಇಲ್ಲದಿದ್ದರೆ ಆಗಸ್ಟ್‌ವರೆಗೆ ಕಾಯಬೇಕು, ಅಷ್ಟು ದಿನ ಈ ಹಕ್ಕಿಯನ್ನು ಒಳಗೆ ಆರೋಗ್ಯವಾಗಿ ಇಡುವುದು ದೊಡ್ಡ ಸಾಹಸ. ರೆಕ್ಕೆಯ ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ನನ್ನ ಸಲಹೆ ನೋವಿಲ್ಲದ ಮರಣ. ಹಾರದ ಟ್ರಾಪಿಕ್‌ಬರ್ಡ್ ಅನ್ನು ಮೃಗಾಲಯದಲ್ಲಿ ಉಳಿಸಿಕೊಳ್ಳುವುದು ಅದಕ್ಕೆ ಹಿಂಸೆ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ಸರಿಯಾಗಿ ನೋಡಿಕೊಂಡರೂ ಹೀಗೆ ಬಿದ್ದ ಹಕ್ಕಿಗಳಲ್ಲಿ ಬಹಳಷ್ಟು ಸಾಯುತ್ತವೆ. ಮುಂದಿನ ಸಲ ನೀವು ಎಲ್ಲ ಸರಿ ಮಾಡಿಯೂ ಅದು ಉಳಿಯದಿದ್ದರೆ ಬೇಸರ ಪಟ್ಟುಕೊಳ್ಳಬೇಡಿ. ಜಾತಿಯ ಮಟ್ಟದಲ್ಲಿ ನೋಡಿದರೆ ಮೂರಕ್ಕೂ ಸದ್ಯ ಅಳಿವಿನ ಅಪಾಯ ಇಲ್ಲ. ಅವುಗಳಿಗೆ ದೊಡ್ಡ ಶತ್ರು ಗೂಡಿನ ದ್ವೀಪಗಳಿಗೆ ಮನುಷ್ಯ ಒಯ್ದ ಇಲಿ ಮತ್ತು ಬೆಕ್ಕು. ನೆಲದಲ್ಲೇ ಕೂತಿರುವ, ಎದ್ದು ಓಡಲಾರದ ಹಕ್ಕಿ, ಒಂದೇ ಒಂದು ಮರಿ, ಬೆಕ್ಕಿಗೆ ಇನ್ನೇನು ಬೇಕು? ಕ್ರಿಸ್‌ಮಸ್ ದ್ವೀಪದಲ್ಲಿ ಬೆಕ್ಕುಗಳು ಕೆಂಪುಬಾಲದವುಗಳ ಮರಿಗಳನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದ ವರ್ಷಗಳಿದ್ದವು, ಬೆಕ್ಕು ತೆಗೆದ ಮೇಲೆ ಮರಿಗಳು ಉಳಿಯತೊಡಗಿದವು. ಅಟ್ಲಾಂಟಿಕ್‌ನ ಬರ್ಮುಡಾದಲ್ಲಿ ನಿಮ್ಮ ತೋಟಕ್ಕೆ ಬಿದ್ದ ಜಾತಿಯೇ ಇದೆ. ಚಂಡಮಾರುತಕ್ಕೆ ಬಂಡೆ ಕುಸಿದು ಗೂಡಿನ ಸಂದಿಗಳು ಹೋದಾಗ ಅಲ್ಲಿನವರು ಗುಮ್ಮಟದಂಥ ಕೃತಕ ಗೂಡುಗಳನ್ನು ಮಾಡಿ ಇಟ್ಟರು. ಹಕ್ಕಿಗಳು ಒಪ್ಪಿಕೊಂಡವು. ಅಲ್ಲಿನ 25 ಸೆಂಟ್ ನಾಣ್ಯದ ಮೇಲೆ ಇದರದ್ದೇ ಚಿತ್ರ.

ಮಗಳ ಗರಿಯ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡು ಹಕ್ಕಿಯನ್ನು ಸಾಕುವುದಕ್ಕೆ ಅವಕಾಶ ಇಲ್ಲ, ಅದರ ಭಾಗಗಳನ್ನು ಇಟ್ಟುಕೊಳ್ಳುವುದೂ ತೊಂದರೆಗೆ ದಾರಿ. ಮಗು ಎತ್ತಿಟ್ಟ ಒಂದು ಗರಿಗೆ ಯಾರೂ ಮನೆಗೆ ಬರುವುದಿಲ್ಲ ಅಂತ ನನಗೂ ಗೊತ್ತು, ಆದರೂ ವಲಯ ಅರಣ್ಯ ಕಚೇರಿಗೆ ಕೊಟ್ಟುಬಿಡಿ. ಕೊಡುವ ಮೊದಲು ಸ್ಕೇಲ್ ಇಟ್ಟು ಫೋಟೋ ತೆಗೆದುಕೊಳ್ಳಲಿ, ಚಿತ್ರ ಬರೆಯಲಿ. ಹಕ್ಕಿ ಸಿಕ್ಕ ದಿನ, ಜಾಗ, ಹಿಂದಿನ ದಿನಗಳ ಗಾಳಿ ಮಳೆ, ಇಷ್ಟನ್ನು ಬರೆದು ಜೊತೆಗೆ ಕೊಟ್ಟರೆ ಅದೊಂದು ದಾಖಲೆ. ಸತ್ತ ಹಕ್ಕಿಯೂ ದಾಖಲೆಯೇ, ಮುಂದಿನ ಸಲ ಹೂಳುವ ಮೊದಲು ಕಚೇರಿಗೆ ಹೇಳಿ. ಕೊಕ್ಕು, ರೆಕ್ಕೆ, ಪಾದ ಕಾಣುವಂತೆ ಮೂರು ಫೋಟೋ ಸಾಕು. ಕಾಲಲ್ಲಿ ಲೋಹದ ಬಳೆ ಇದ್ದರೆ ಅದರ ಅಕ್ಷರ, ಅಂಕಿ ಎಲ್ಲ ಸ್ಪಷ್ಟವಾಗಿ ಕಾಣುವಂತೆ ಸುತ್ತಲಿಂದ ಫೋಟೋ ತೆಗೆಯಿರಿ. ಬಳೆ ಬಿಚ್ಚಬೇಡಿ. ಬೇಹುಗಾರಿಕೆಯ ಹಕ್ಕಿ ಅಂತ ಆಗಾಗ ಸುದ್ದಿಯಾಗುವುದು ಇಂಥ ಬಳೆಗಳಿಂದಲೇ. ಅದು ಸಂಶೋಧಕರು ಹಾಕಿದ ಗುರುತು. ಆ ನಂಬರನ್ನು ಅರಣ್ಯ ಇಲಾಖೆಗೋ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೋ ಕಳಿಸಿದರೆ, ಹಕ್ಕಿ ಯಾವ ದ್ವೀಪದಿಂದ ಯಾವ ವರ್ಷ ಹೊರಟಿತ್ತು ಅಂತ ತಿಳಿಯುತ್ತದೆ.